ಮಾವನ ಸೇವಂತಿಗೆ, ನನ್ನ ಆಕ್ಟಿನ್

ಸೆಪ್ಟೆಂಬರ್ 22, ಬೆಳಿಗ್ಗೆ

ಮತ್ತೆ ವಕ್ಕಲೇರಿ. ಮತ್ತೆ ಐಸ್ ಬಾಕ್ಸು. ಮಾವನ ತೋಟದಲ್ಲಿ ಸೇವಂತಿಗೆ ಮೊಣಕಾಲುದ್ದ ಬೆಳೆದಿದೆ. ಮೇಲೆ ಸಾಲಾಗಿ ಬಲ್ಬುಗಳು. ರಾತ್ರಿ ಬೆಳಕಿದ್ದರೆ ಗಿಡ ಮೊಗ್ಗು ಬಿಡುವುದಿಲ್ಲ. ಆರಿಸಿದ ಮೇಲೆ ಸುಮಾರು ಎರಡು ತಿಂಗಳಿಗೆ ಹೂವು. ಹಳೆಯ ತಳಿಯಾದರೆ ಮಾವನಿಗೆ ಅಂದಾಜಿದೆ. ಇದು ಹೊಸ ಹಳದಿ ತಳಿ, ನಾನೇ ಕೊಡಿಸಿದ್ದು. ನನ್ನ ಪಿಎಚ್‌ಡಿಯೂ ಇದರ ಮೇಲೆಯೇ.

ಮಾನಸಳ ಮದುವೆ ನವೆಂಬರ್ 23ಕ್ಕೆ. ಮಗಳ ಮಂಟಪಕ್ಕೆ ತನ್ನ ತೋಟದ ಹೂವೇ ಆಗಬೇಕೆಂದು ಮಾವನ ಹಟ. ವೇಮಗಲ್ಲಿನ ಬೀಗರಿಗೂ ಹೇಳಿಬಿಟ್ಟಿದ್ದಾರೆ.

"ಬಲ್ಬು ಯಾವತ್ತು ಆರಿಸ್ಲಿ ಸಹನಮ್ಮ? ನೀನ್ ಹೇಳಿದ ದಿನ ಆರಿಸ್ತೀನಿ."

ಪರೀಕ್ಷೆಗೆಂದು ಎಲೆ ಕಿತ್ತು ಐಸ್ ಬಾಕ್ಸಿಗೆ ಹಾಕಿಕೊಂಡೆ. ಲ್ಯಾಬಿನಲ್ಲಿ ನೋಡಿ ಹೇಳ್ತೀನಿ ಅಂದೆ. ಏನು ಗತ್ತು ನನ್ನದು!

ಸೆಪ್ಟೆಂಬರ್ 26

ರಿಸಲ್ಟ್ ಬಂತು. ಹೂವಿನ ಜೀನ್ ಆಗಲೇ ಏರಿದೆ, ಬಲ್ಬಿನ ಕೆಳಗೇ! ಅಂದರೆ ಗಿಡ ಒಳಗೊಳಗೇ ಸಿದ್ಧ. ಈಗ ಆರಿಸಿದರೆ ಮದುವೆಗೆ ಮುಂಚೆಯೇ ಅರಳಿ ಬಾಡಿಹೋಗುತ್ತದೆ.

ಗೈಡ್ ಉದಯಕುಮಾರ್ ಸರ್ ಮುಖ ಗಂಟು. "ಯಾವ ಜೀನ್‌ಗೆ ಹೋಲಿಸಿ ಅಳೆದೆಯಮ್ಮಾ?"

ಆಕ್ಟಿನ್ ಅಂದೆ. ಯಾವಾಗಲೂ ಒಂದೇ ಸಮ ಇರುತ್ತದೆಂದು ಅಳತೆಗೆ ಇಟ್ಟುಕೊಳ್ಳುವ ಜೀನ್ ಅದು.

"ಬಲ್ಬಿನ ಕೆಳಗೆ ಆಕ್ಟಿನ್ ಅಲುಗಾಡಲ್ಲ ಅಂತ ಪರೀಕ್ಷೆ ಮಾಡಿದೀಯಾ? ತೂಕದ ಕಲ್ಲೇ ಸವೆದಿದ್ರೆ ಅದ್ಯಾವ ತೂಕ?"

ಎಲ್ಲರೂ ಅದನ್ನೇ ಬಳಸ್ತಾರಲ್ಲ ಸರ್ ಅಂದೆ.

"ಎಲ್ಲರೂ ನಿಮ್ಮ ಮಾವನ ತೋಟದಲ್ಲಿ ಬೆಳೀತಾರಾ?"

ಈ ಮನುಷ್ಯನಿಗೆ ಎಲ್ಲದಕ್ಕೂ ಕೊಂಕು. ಮಾವನಿಗೆ ಫೋನ್ ಮಾಡಿದೆ. ಅಕ್ಟೋಬರ್ 12ರವರೆಗೆ ಉರಿಯಲಿ ಅಂದೆ.

"ಅಷ್ಟ್ ದಿನಾನಾ?" ಬಾಯಲ್ಲೇ ದಿನ ಎಣಿಸಿಕೊಂಡರು. "ಸರಿ ಬಿಡಮ್ಮ. ಮೆಷಿನ್ ಹೇಳಿದ್ಮೇಲೆ ಇನ್ನೇನು."

ಅಕ್ಟೋಬರ್ 3, ಸಂಜೆ

ಸರ್ ಕಾಟ ತಾಳಲಾರದೆ ಪರೀಕ್ಷೆ ಮಾಡಿದೆ. ಬಲ್ಬಿನ ಕೆಳಗಿನ ಗಿಡ, ಕತ್ತಲಲ್ಲಿಟ್ಟ ಗಿಡ, ಎರಡರಲ್ಲೂ ಆಕ್ಟಿನ್, ಜೊತೆಗೆ ಬೇರೆ ಕೆಲವು ಜೀನ್‌ಗಳು. ಆಕ್ಟಿನ್ ಬೆಳಕಿನಲ್ಲಿ ಕುಸಿದು ಕೂತಿದೆ. ಹೂವಿನ ಜೀನ್ ಏರಿಯೇ ಇಲ್ಲ. ಕಲ್ಲು ಹಗುರಾಗಿ ಸಾಮಾನು ಭಾರ ಕಂಡಿದೆ, ಅಷ್ಟೇ. ಎರಡೂ ಕಡೆ ಒಂದೇ ಸಮ ನಿಂತದ್ದು ನಾನು ಕಣ್ಣೆತ್ತಿಯೂ ನೋಡದಿದ್ದ ಇನ್ನೊಂದು ಜೀನ್.

ಅಂದರೆ ಬಲ್ಬು ಹೋದ ವಾರವೇ ಆರಬೇಕಿತ್ತು. ಇವತ್ತು ಆರಿಸಿದರೂ ಮಂಟಪಕ್ಕೆ ಸಾಕಾಗುವಷ್ಟು ಅರಳಬಹುದು.

ಫೋನ್ ತೆಗೆದುಕೊಂಡೆ. ಇಟ್ಟೆ. ಇನ್ನೊಂದು ಸಲ ರನ್ ಮಾಡಿ ಖಾತ್ರಿಯಾದ ಮೇಲೆ ಹೇಳೋಣ... ಮೊನ್ನೆ ತಾನೇ ಅಷ್ಟು ಜಂಬದಿಂದ ಹೇಳಿದ್ದೇನೆ.

ಅಕ್ಟೋಬರ್ 13

ಎರಡನೇ ಸಲವೂ ಅದೇ ಬಂತು. ಬಂದು ನಾಲ್ಕೈದು ದಿನವಾಯಿತು. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ...

ನಿನ್ನೆ ಮಾವನೇ ಫೋನ್ ಮಾಡಿದರು. "ನೀನ್ ಹೇಳ್ದಂಗೇ ಆರಿಸ್ದೆ ಕಣಮ್ಮ. ನಾನೇ ಕೈಯಾರೆ."

ಒಳ್ಳೇದು ಮಾವ ಅಂದೆ. ಥೂ, ನನ್ನ ಬಾಯಿಗಿಷ್ಟು.

ನವೆಂಬರ್ 23, ಛತ್ರದಲ್ಲಿ

ತೋಟದಲ್ಲಿ ಬರೀ ಹಸಿರು ಮೊಗ್ಗು, ಅವರೆಕಾಳಿನಷ್ಟು. ಮಂಟಪಕ್ಕೆ ಕೋಲಾರ ಮಾರ್ಕೆಟ್ಟಿನ ಹೂವು. ಬೀಗರ ಕಡೆಯ ಗಂಗುಲಪ್ಪ ಅನ್ನುವವರು ಎಲ್ಲರೆದುರೇ ಮಾವನನ್ನು ಕೇಳಿದರು: "ಏನ್ ಕೋದಂಡರಾಮಪ್ಪ, ನಿಮ್ ತೋಟದ ಹೂವೆಲ್ಲಿ?"

ಪಕ್ಕದಲ್ಲೇ ಇದ್ದ ಶ್ಯಾಮಲತ್ತೆ ಗಂಡನನ್ನು ಬಿಡುತ್ತಾರೆಯೇ. "ಇವರಿಗೆ ಅರಳು ಮರಳು. ಆರಿಸಿದ್ ಬಲ್ಬು ಮತ್ತೆ ಹಾಕಿ ಕೂತವ್ರೆ!"

ಮಾವ ತಲೆ ಕೆರೆದುಕೊಂಡು ನಕ್ಕರು. "ಹೌದ್ರಪ್ಪ. ನಮ್ ಹುಡುಗಿ ಸರಿಯಾಗೇ ಹೇಳಿದ್ಲು. ಸಂಜೆ ಆದ್ರೆ ಸ್ವಿಚ್ ಹಾಕಿ ಅಭ್ಯಾಸ ನೋಡಿ, ಮರ್ತು ಹಾಕ್ಬಿಟ್ಟಿರ್ತೀನಿ."

ನನ್ನ ಮಾನ ಉಳಿಸಲು ಹೇಳಿದ್ದಲ್ಲ. ಮುಖ ನೋಡಿದೆ. ನಿಜವಾಗಿಯೂ ಹಾಗೇ ನಂಬಿದ್ದಾರೆ.

ಪನ್ನೀರುದಾನಿ ಹಿಡಿದು ಅಲ್ಲೇ ನಿಂತಿದ್ದೆ. ಮುಂದೆ ಬಂದವರಿಗೆ ಪನ್ನೀರು ಚಿಮುಕಿಸಿದೆ.

ಡಿಸೆಂಬರ್ 2

ಸರ್‌ಗೆ ಖುಷಿಯೋ ಖುಷಿ. ಬಲ್ಬಿನ ಕೆಳಗೆ ಯಾವ ಜೀನ್ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ — ಇದೇ ಒಂದು ಪೇಪರ್ ಆಗುತ್ತದಂತೆ. "ಕೊನೇಲಿ ತೋಟದ ಯಜಮಾನರಿಗೆ ಥ್ಯಾಂಕ್ಸ್ ಹೇಳಮ್ಮಾ."

ಬರೆದೆ. ಅಳಿಸಿದೆ. ನಾಚಿಕೆಯಾಗಬೇಕು ನನಗೆ.

ಡಿಸೆಂಬರ್ 9

ಹೇಳಿಯೇ ಬಿಡಬೇಕೆಂದು ವಕ್ಕಲೇರಿಗೆ ಹೋದೆ. ತೋಟ ತುಂಬ ಹಳದಿ. ಎಷ್ಟು ಚೆನ್ನಾಗಿ ಅರಳಿದೆಯೆಂದರೆ ನೋಡಲಾಗಲಿಲ್ಲ. ಮಾವ ಹೂವು ಬಿಡಿಸುತ್ತಿದ್ದರು. ಪಕ್ಕದ ತಾಕಿನಲ್ಲಿ ಹೊಸ ಸಸಿ, ಹೊಸದಾಗಿ ಬಲ್ಬು.

"ಈ ಸಲ ಸ್ವಿಚ್ಚು ನಿಮ್ಮತ್ತೆಗೇ ಕೊಟ್ಬಿಟ್ಟಿದೀನಿ. ಮೋಟ್ರು ಹಾಕೋದೂ ಅವಳೇ. ಬೈಕ್ ಓಡ್ಸೋದೂ ಬಿಟ್ಟೆ."

ಯಾಕೆ ಮಾವ?

"ತಲೆ ನಂಬೋಕಾಗಲ್ಲ ಕಣಮ್ಮ. ಎಷ್ಟ್ ಯೋಚನೆ ಮಾಡಿದ್ರೂ ನಾನು ಮತ್ತೆ ಹಾಕಿಲ್ಲ ಅಂತಾನೇ ಜ್ಞಾಪಕ ಬರುತ್ತೆ. ಈಗ್ಲೂ. ಆದ್ರೆ ಮೆಷಿನ್ ಸುಳ್ಳು ಹೇಳುತ್ತಾ?" ದನಿ ಇಳಿಸಿದರು. "ನಮ್ಮಪ್ಪನಿಗೂ ಹಿಂಗೇ ಶುರುವಾಗಿದ್ದು. ಕೊನೆಗೆ ನನ್ನೇ ಯಾರು ಅಂತ ಕೇಳೋನು. ಮರೆವಿಗೆ ಕೋಲಾರದಲ್ಲಿ ಯಾರಾದ್ರೂ ಡಾಕ್ಟ್ರು ಗೊತ್ತಾ ನಿಂಗೆ? ಮಾನಸಂಗೆ ಹೇಳ್ಬೇಡ."

ನೀವು ಮತ್ತೆ ಹಾಕಿಲ್ಲ ಮಾವ, ಅಂದೆ. ನಿಮ್ಮ ಜ್ಞಾಪಕ ಸರಿಯಾಗೇ ಇದೆ. ತಪ್ಪಿದ್ದು ನಾನು. ಮದುವೆಗೆ ಮುಂಚೆಯೇ ನನಗೆ ಗೊತ್ತಿತ್ತು.

ಕೈಯಲ್ಲಿದ್ದ ಹೂವನ್ನು ಬುಟ್ಟಿಗೆ ಹಾಕಿದರು. ಟವೆಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ನನ್ನನ್ನು ನೋಡಿ, "ಹಂಗಾದ್ರೆ ನಾನ್ ಮರ್ತಿರ್ಲಿಲ್ಲ ಅನ್ನು; ನಿಮ್ಮತ್ತೇನ ಕರೀತೀನಿ, ಅವಳ ಮುಂದೂ ಇದನ್ನೇ ಹೇಳು" ಅಂದರು.