ಅಮ್ಮ ಹಡಗು ಹತ್ತಿದ ದಿನ

ಡಚ್ಚರ ಆಳ್ವಿಕೆಯ ಜಗತಾರಾ ಪಟ್ಟಣ
ಕನ್‌ಬುನ್ ಶಕೆಯ ಐದನೆಯ ವರ್ಷ, ಐದನೆಯ ತಿಂಗಳು

ನಮ್ಮ ಹುಟ್ಟೂರು ಹಿರಾದೊದಲ್ಲಿರುವ ನನ್ನ ಓಕಿನು ಅಕ್ಕನಿಗೆ, ಕಡಲಿನ ಈಚೆಯಿಂದ ತಂಗಿ ಓಮಿನೆಯ ನಮಸ್ಕಾರ.

ನೀನು ಕಳಿಸಿದ ಒಣ ಕಡಲಪಾಚಿಯ ಕಟ್ಟು, ಪತ್ರ ಎರಡೂ ಡಚ್ಚರ ಹಡಗಿನಲ್ಲಿ ಭದ್ರವಾಗಿ ಬಂದವು. ಅಮ್ಮನ ಹೆಸರಿನಲ್ಲಿ ಗುಡಿಯಲ್ಲಿ ಮಂತ್ರ ಓದಿಸಿ, ಅವಳಿಗಿಷ್ಟವಾದ ಕೆಂಪು ಕಾಳಿನ ಸಿಹಿಯುಂಡೆ ಎಡೆಯಿಟ್ಟೆ ಎಂದು ಬರೆದಿದ್ದೀ. ಓದಿದ ಮೇಲೆ ಮೂರು ದಿನ ನನಗೆ ಅನ್ನ ಸೇರಲಿಲ್ಲ.

ಅಕ್ಕಾ, ಅಮ್ಮ ಸತ್ತಿಲ್ಲ. ಹೋದ ವರ್ಷ ನಾನು ಬರೆದದ್ದು ಸುಳ್ಳು.

ಅದಕ್ಕೆ ಮುಂಚಿನ ಪತ್ರದಲ್ಲಿ ನೀನು, ಅವತ್ತು ನಿನ್ನನ್ನು ದಡದಲ್ಲಿ ಬಿಟ್ಟು ಹೋದದ್ದು ಯಾಕೆಂದು ಅಮ್ಮನನ್ನು ಕೇಳಿ ಬರೆ ಎಂದಿದ್ದೆ. ಸತ್ತವರನ್ನು ಯಾರೂ ಪ್ರಶ್ನೆ ಕೇಳುವುದಿಲ್ಲವಲ್ಲ, ಹಾಗಾಗಿ ಅವಳನ್ನು ಸಾಯಿಸಿಬಿಟ್ಟೆ. ಉತ್ತರ ಅವಳ ಹತ್ತಿರ ಇರಲಿಲ್ಲ, ನನ್ನ ಹತ್ತಿರ ಇತ್ತು.

ನಿನಗೆ ಗೊತ್ತಿದ್ದದ್ದನ್ನೂ ಮೊದಲಿಂದ ಬರೆಯುತ್ತೇನೆ, ಇಲ್ಲದಿದ್ದರೆ ಕೈ ಮುಂದೆ ಸಾಗದು. ಆಗ ನಿನಗೆ ಹದಿನಾಲ್ಕು, ನನಗೆ ಒಂಬತ್ತು. ಮೀನು ಹಿಡಿಯುತ್ತಿದ್ದ ನಿನ್ನಪ್ಪ ಕಡಲುಪಾಲಾದ ಮೇಲೆ ಅಮ್ಮ ಕೂಡಿಕೊಂಡದ್ದು ಡಚ್ಚರ ವ್ಯಾಪಾರದ ಕೋಠಿಯಲ್ಲಿ ಪೀಪಾಯಿ ಕಟ್ಟುತ್ತಿದ್ದ ಬಿಳಿಯ, ನನ್ನಪ್ಪನನ್ನು. ಅವನೂ ಜ್ವರದಲ್ಲಿ ಹೋದ. ಬಿಳಿಯರಿಗೆ ಹುಟ್ಟಿದ ಮಕ್ಕಳೆಲ್ಲ ನಾಡು ಬಿಡಬೇಕೆಂದು ಆಜ್ಞೆ ಬಂದಾಗ ಅಮ್ಮ ನನ್ನ ಕೆಂಚುಗೂದಲಿಗೆ ಮಸಿ ಬಳಿದಳು. ಅದು ಮಳೆಗೆ ಕರಗಿ ಕುತ್ತಿಗೆಗೆ ಇಳಿದದ್ದು ನಿನಗೂ ನೆನಪಿರಬೇಕು.

ನಿನಗೆ ಗೊತ್ತಿಲ್ಲದ್ದು ಇದು. ಅಮ್ಮ ಹಡಗು ಹತ್ತಿದ್ದು ನನ್ನನ್ನು ಅದರಲ್ಲಿ ಬಿಟ್ಟು ಇಳಿದುಬರಲು, ಅಷ್ಟೇ. ಅಧಿಕಾರಿ ಬಂದು, "ಪಟ್ಟೀಲಿರೋದು ಹುಡುಗಿ ಹೆಸರು ಮಾತ್ರ. ತಾಯಿ ಹೋಗೋದಾದ್ರೆ ಹೋಗ್ಲಿ, ಇಲ್ಲಾಂದ್ರೆ ಬೇಗ ಇಳೀಲಿ" ಅಂದ. ತನ್ನೆರಡು ಮಕ್ಕಳೊಂದಿಗೆ ಹೊರಟಿದ್ದ ಪಕ್ಕದ ಮನೆಯ ಓಸೆನ್, ನಮ್ಮ ಅಮ್ಮನ ಬೆನ್ನು ತಟ್ಟಿ, "ಇವಳನ್ನ ನಾ ನೋಡ್ಕೋತೀನಿ ಕಣೇ. ಆ ದೊಡ್ಡೋಳಿಗೆ ನಿನ್ನ ಬಿಟ್ರೆ ಯಾರಿದಾರೆ? ಇಳಿ, ಇಳಿ" ಅಂದಳು.

ಅಮ್ಮ ನನ್ನ ಕೈಯನ್ನು ಓಸೆನ್‌ಳ ಕೈಗಿಟ್ಟಳು. ಏಣಿಯ ಮೇಲೆ ಒಂದು ಕಾಲನ್ನೂ ಇಟ್ಟಿದ್ದಳು. ನಾನು ಓಡಿಹೋಗಿ ಅವಳ ಸೊಂಟಪಟ್ಟಿಗೆ ಜೋತುಬಿದ್ದು, "ನೀನಿಳಿದ್ರೆ ನಾ ನೀರಿಗೆ ಹಾರ್ತೀನಿ!" ಎಂದು ಕಿರುಚಿದೆ.

ದಡದಲ್ಲಿ ನೀನು ನಿಂತಿದ್ದು ನನಗೆ ಕಾಣುತ್ತಿತ್ತು. ನೀನು ಕೈ ಬೀಸುತ್ತಿದ್ದೆ. ಅಮ್ಮ ಇಳಿದರೆ ಪೂರ್ತಿ ನಿನ್ನವಳಾಗುತ್ತಾಳೆ ಅನ್ನಿಸಿತು. ಅದಕ್ಕೇ ಇನ್ನೂ ಜೋರಾಗಿ ಕಿರುಚಿದೆ. ಮಕ್ಕಳಿಗೇನು ತಿಳಿಯುತ್ತದೆ ಎನ್ನುತ್ತಾರೆ. ನನಗೆ ತಿಳಿದಿತ್ತು, ಅಕ್ಕಾ.

ಏಣಿ ಎಳೆದುಕೊಂಡರು. ಅಮ್ಮ ನಿನ್ನ ಕಡೆ ತಿರುಗಲೇ ಇಲ್ಲ. ತಿರುಗಿದ್ದರೆ ಅವಳೇ ಹಾರುತ್ತಿದ್ದಳೇನೋ.

ಈ ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಅವಳು ಅದನ್ನು ಎತ್ತಿ ಆಡಲಿಲ್ಲ. ನನಗೆ ಮದುವೆ ಮಾಡಿದಳು, ಎರಡು ಬಾಣಂತನ ಮಾಡಿದಳು. ಈಗ ಎರಡು ವರ್ಷದಿಂದ ಅವಳ ನೆನಪು ಅಳಿಸಿಹೋಗಿದೆ. ನನ್ನ ಹೆಸರು ಹೋಗಿದೆ, ನಿನ್ನದು ಉಳಿದಿದೆ. ನಾನು ಒಳಗೆ ಬಂದರೆ, "ಕಿನು, ಬಂದ್ಯಾ? ಉಣ್ಣು ಬಾ" ಎಂದು ಮುಳ್ಳು ತೆಗೆದ ಮೀನನ್ನು ನನ್ನ ಬಾಯಿಗಿಡುತ್ತಾಳೆ. "ಬಂದೆ ಅಮ್ಮಾ" ಅನ್ನುತ್ತೇನೆ. ನಿನ್ನ ಪಾಲಿನ ತುತ್ತನ್ನೂ ನಾನೇ ತಿನ್ನುತ್ತಿದ್ದೇನೆ.

ಕ್ಷಮಿಸು ಎಂದು ಕೇಳುವುದಿಲ್ಲ. ಗುಡಿಯಲ್ಲಿ ಸತ್ತವರ ಸಾಲಿನಿಂದ ಅವಳ ಹೆಸರು ತೆಗೆಸು. ಅವಳಿಗೆ ಹೇಳಬೇಕಾದ್ದನ್ನು ಮುಂದಿನ ಹಡಗಿಗೇ ಬರೆದು ಕಳಿಸು. ಬೈಗುಳವಾದರೂ ಸರಿ, ಒಂದಕ್ಷರ ಬಿಡದೆ ಓದಿ ಹೇಳುತ್ತೇನೆ.

ನಿನ್ನ ತಾಯಿಯನ್ನು ಕಿತ್ತುಕೊಂಡ ತಂಗಿ,
ಓಮಿನೆ

ಇನ್ನೊಂದು ಮಾತು: ಪತ್ರ ಮಡಿಸುವಷ್ಟರಲ್ಲಿ ಅಮ್ಮ ಪಕ್ಕದಲ್ಲಿ ಬಂದು ಕೂತಳು. "ಯಾರಿಗೇ ಕಿನು, ಇಷ್ಟುದ್ದ ಬರೀತಿದೀಯ?" ಅಂದಳು. "ಓಮಿನೆಗೆ" ಅಂದೆ. ಅವಳು ಕಾಗದದ ಮೇಲೆ ಕೈಯಾಡಿಸಿ ಕೇಳಿದಳು, "ಪಾಪ, ಚಿಕ್ಕವಳನ್ನ ಒಬ್ಬಳನ್ನೇ ಕಳಿಸಿಬಿಟ್ವಲ್ಲೇ. ಅಳೋದು ನಿಲ್ಲಿಸಿದ್ಲಂತಾ?"

ಅವಳ ಮನಸ್ಸಿನಲ್ಲಿ ಅವಳು ಅವತ್ತೇ ಇಳಿದಿದ್ದಾಳೆ, ಅಕ್ಕಾ. ಹಿರಾದೊದಲ್ಲಿ ನಿನ್ನ ಜೊತೆಯೇ ಇದ್ದಾಳೆ.