ಇಳಿಯಬಾರದ ರಸ್ತೆ

ಭಾನುವಾರ, ಮಧ್ಯಾಹ್ನ
ಎರಡನೆಯ ಕಾಡಿನ ಅತಿಥಿಗೃಹದಿಂದ

ಪ್ರೀತಿಯ ಅಮ್ಮ,

ನಾವೆಲ್ಲ ಕ್ಷೇಮ. ಕ್ಷೇಮ ಎಂದರೆ ಕಾರಿಗೆ ಏನೂ ಆಗಿಲ್ಲ, ಅತ್ತೆಯ ಮಂಡಿನೋವು ಹೆಚ್ಚಿಲ್ಲ, ನಿನ್ನ ಅಳಿಯಂದಿರು ದಾರಿ ತಪ್ಪಿದ್ದನ್ನು ಇನ್ನೂ ಒಪ್ಪಿಕೊಂಡಿಲ್ಲ. ಮಗಳು ಪರೀಕ್ಷೆಯ ನೆಪ ಹೇಳಿ ಹಾಸ್ಟೆಲಿನಲ್ಲೇ ಉಳಿದಳು, ಜಾಣೆ.

ಜಾಗಗಳೇನೋ ಚೆನ್ನಾಗಿವೆ. ಮೊದಲನೆಯ ಅಭಯಾರಣ್ಯದಲ್ಲಿ ದೊಡ್ಡ ಜಲಪಾತ ನೋಡಿದೆವು. ಅತ್ತೆ ಅದರ ಮುಂದೆ ಬಹಳ ಹೊತ್ತು ನಿಂತು, ಇಷ್ಟು ನೀರು ಸುಮ್ನೆ ಹೋಗ್ತಿದೆಯಲ್ಲ, ಯಾರೂ ನಲ್ಲಿ ನಿಲ್ಲಿಸೋದಿಲ್ವಾ ಎಂದರು. ಈ ಮುದುಕಿಯನ್ನು ಕಂಡರೆ ನನಗೆ ಪ್ರೀತಿಯೇ ಅಮ್ಮ, ಮುಂದಿನದಕ್ಕೆ ಹೋಗುವ ಮೊದಲು ಅದನ್ನು ಹೇಳಿಬಿಡುತ್ತೇನೆ.

ಅವರ ಹೊಸ ಹಲ್ಲಿನ ಸೆಟ್ಟು ನಾನೇ ಮಾಡಿದ್ದು. ನಮ್ಮ ಲ್ಯಾಬಿನಲ್ಲಿ ಮೇಣದ ಮೇಲೆ ಹಲ್ಲು ಕೂರಿಸುವಾಗ, ಮುಂದಿನದೊಂದನ್ನು ಬೇಕೆಂದೇ ಚೂರು ಓರೆ ಮಾಡಿದ್ದೆ, ಅವರ ಸ್ವಂತದ್ದು ಇದ್ದ ಹಾಗೆ. ಡಾಕ್ಟರು ಸೈ ಎಂದರು. ಆದರೆ ಅತ್ತೆ ಅದಕ್ಕೆ ಬೇರೆಯೇ ಉಪಯೋಗ ಕಂಡುಕೊಂಡಿದ್ದಾರೆ. ಬೇಡದ ಮಾತು ಬಂದ ಕೂಡಲೇ ಹಲ್ಲು ತೆಗೆದು ಕರವಸ್ತ್ರದಲ್ಲಿ ಸುತ್ತಿಬಿಡುತ್ತಾರೆ. ಅಲ್ಲಿಗೆ ಸಭೆ ಮುಕ್ತಾಯ.

ನಿನ್ನೆ ಈ ಕಾಡಿನೊಳಗೆ ಬರುವಾಗ ಕಾಡೆಮ್ಮೆಗಳ ಹಿಂಡು ರಸ್ತೆಯ ಮೇಲೇ ಮಲಗಿತ್ತು. ಇಲ್ಲಿ ಕಾರಿನಿಂದ ಇಳಿಯಬಾರದು, ಗಾಜು ಇಳಿಸಬಾರದು, ಹಾರನ್ ಒತ್ತಬಾರದು. ಮುಂದೆ ಎಮ್ಮೆಗಳು, ಹಿಂದೆ ಒಂದು ವ್ಯಾನು. ಇವರು ಎಂಜಿನ್ ಆರಿಸಿ ಗಂಟಲು ಸರಿಮಾಡಿಕೊಂಡರು. ಅತ್ತೆ ಒಲೆ ಹೊತ್ತಿಸಿಟ್ಟು ಪಕ್ಕದ ಮನೆಗೆ ಹೋಗಿದ್ದರಲ್ಲ, ಆ ದಿನದಿಂದ ತಮಗೆ ನಿದ್ದೆಯಿಲ್ಲವಂತೆ. ಮನೆಯಲ್ಲಿ ಒಬ್ಬರು ಇರಲೇಬೇಕಂತೆ. ನಾನು ಈ ತಿಂಗಳ ಕೊನೆಗೆ ಕೆಲಸ ಬಿಡಬೇಕಂತೆ. "ಹಲ್ಲು ಕೂರ್ಸೋಕೆ ಬೇಕಾದಷ್ಟು ಜನ ಇದ್ದಾರೆ, ಅಮ್ಮಂಗೆ ಯಾರಿದ್ದಾರೆ ಹೇಳು" ಎಂದರು, ಆ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡೇ. ಈ ಪ್ರವಾಸ ಹೊರಟಿದ್ದೇ ಇದಕ್ಕೆ ಎಂದು ನನಗೆ ಆಗ ಹೊಳೆಯಿತು. ಮನೆಯಲ್ಲಾದರೆ ನಾನು ಎದ್ದು ಹೋಗಿ ಕುಕ್ಕರ್ ಇಡುತ್ತೇನೆ. ಇಲ್ಲಿ ಎದ್ದು ಹೋಗುವುದಾದರೂ ಎಲ್ಲಿಗೆ?

ನರ್ಸನ್ನು ಇಡೋಣ ಎಂದೆ. ಅರ್ಧ ದಿನದ ಕೆಲಸ ಕೇಳುತ್ತೇನೆ ಎಂದೆ. ಎಮ್ಮೆಯ ಮೇಲೆ ಮಳೆ ಸುರಿದ ಹಾಗಾಯಿತು, ನಾನು ಹೇಳುತ್ತಿರುವುದು ರಸ್ತೆಯ ಮೇಲಿದ್ದವುಗಳ ವಿಷಯವಲ್ಲ. ಕೊನೆಗೆ ಹಿಂದಕ್ಕೆ ತಿರುಗಿ, ನೀವಾದರೂ ಹೇಳಿ ಅತ್ತೆ ಎಂದೆ. ಅವರು ಹಲ್ಲು ತೆಗೆದು, ಸುತ್ತಿ, ಕಿಟಕಿಯಾಚೆ ನೋಡುತ್ತ ಕೂತರು. ನಾನು ತಿದ್ದಿ ತೀಡಿದ ಹಲ್ಲೇ ನನಗೆ ಕೈಕೊಟ್ಟಿತು. ಕಾರಿನೊಳಗೆ ಉಸಿರು ಕಟ್ಟುತ್ತಿತ್ತು. ಹೇಗಾದರೂ ಈ ಮಾತು ಮುಗಿಯಲಿ ಎಂದು, ನೋಡೋಣ ಎಂದುಬಿಟ್ಟೆ. ನೋಡೋಣ ಎಂದರೆ ಇವರ ಪ್ರಕಾರ ಹೂಂ. ಫೋನಿಗೆ ಸಿಗ್ನಲ್ ಸಿಕ್ಕಿದ್ದೇ ತಡ, ನಾದಿನಿಗೆ ಸುದ್ದಿ ಮುಟ್ಟಿತು.

ಇವತ್ತು ಬೆಳಿಗ್ಗೆ ಅತ್ತೆಯ ತಲೆ ಬಾಚುತ್ತ, ನಿನ್ನೆ ಯಾಕೆ ಸುಮ್ಮನಾದಿರಿ ಎಂದು ಕೇಳಿದೆ. ಹಲ್ಲು ಹಾಕಿಕೊಂಡೇ ಮಾತಾಡಿದರು. "ನೀನು ಹೂಂ ಅಂದ್ರೆ ನಿನ್ನ ಕೆಲ್ಸ ಹೋಗುತ್ತೆ. ಊಹೂಂ ಅಂದ್ರೆ ನನ್ನ ಮನೆ ಹೋಗುತ್ತೆ, ಅವನು ಆಗಲೇ ವೃದ್ಧಾಶ್ರಮಗಳನ್ನ ವಿಚಾರಿಸಿ ಇಟ್ಟಿದ್ದಾನೆ ಕಣೇ. ನಾನು ಯಾರ ಪರ ಬಾಯಿ ಬಿಡ್ಲಿ?" ಆಮೇಲೆ, ಜಡೆ ಬಿಗಿಯಾಯ್ತು, ಸಡಿಲ ಮಾಡು ಎಂದರು. ಸಡಿಲ ಮಾಡಿದೆ.

ನನಗೆ ಸಿಟ್ಟು ಬರುತ್ತಿದೆ ಅಮ್ಮ, ಆದರೆ ಯಾರ ಮೇಲೆ ಅಂತ ಬರಲಿ? ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಿದೆ, ನುಂಗಲಾರೆ, ಉಗುಳಲಾರೆ. ಫೋನಿನಲ್ಲಿ ಹೇಳೋಣವೆಂದರೆ ಇವರು ಪಕ್ಕದಲ್ಲೇ ಇರುತ್ತಾರೆ. ಇನ್ನೂ ಒಂದು ಕಾಡು ಬಾಕಿಯಿದೆ, ಮತ್ತೆ ಅದೇ ಕಾರು, ಅದೇ ಗಾಜು. ಊರು ಮುಟ್ಟಿದ ಮೇಲೆ ರಾಜೀನಾಮೆ ಕೊಡುವ ಮುಂಚೆ ನಿನ್ನ ಹತ್ತಿರ ಬಂದು ಎರಡು ದಿನ ಇರಲಾ? ಅತ್ತಿಗೆಗೆ ಕೆಲಸ ಹೆಚ್ಚಾಗುತ್ತದೆ, ನಿಜ. ಆದರೆ ಅವರು ಯಾವತ್ತೂ ಮುಖ ಸಿಂಡರಿಸಿದವರಲ್ಲ. ನಿನ್ನ ಜೊತೆ ಅವರಿದ್ದಾರೆ ಎನ್ನುವ ಧೈರ್ಯದ ಮೇಲೇ ನಾನೂ ಅಣ್ಣನೂ ಇಷ್ಟು ನೆಮ್ಮದಿಯಾಗಿರುವುದು.

ಬೇಗ ಬರೆ. ಚಿಕ್ಕಂದಿನಲ್ಲಿ ರಾಗ ಎಳೆದು ಅಳುತ್ತಿದ್ದವಳಿಗೆ ನೀನಿಟ್ಟ ಹೆಸರಲ್ಲೇ ಸಹಿ ಹಾಕುತ್ತೇನೆ.

ನಿನ್ನ
ಪಿಟೀಲು

ತಾ.ಕ.: ಅತ್ತಿಗೆ, ಇದು ನಿಮಗೆ. ಅಮ್ಮನ ಕಣ್ಣು ಮಂಜಾದ ಮೇಲೆ ನನ್ನ ಪತ್ರಗಳನ್ನು ಓದಿ ಹೇಳುವವರು ನೀವೇ ಎನ್ನುವುದು ಸಹಿ ಹಾಕಿದ ಮೇಲೆ ನೆನಪಾಯಿತು. ಇದನ್ನು ಅಮ್ಮನಿಗೆ ಓದುವುದು ಬಿಡುವುದು ನಿಮಗೆ ಸೇರಿದ್ದು. ಅಮ್ಮನನ್ನು ನೋಡಿಕೊಳ್ಳಲು ನೀವು ಶಾಲೆಯ ಕೆಲಸ ಬಿಟ್ಟಾಗ ನಾವೆಲ್ಲ ನಿಮ್ಮನ್ನು ಬಂಗಾರದಂಥವರು ಎಂದು ಹೊಗಳಿದೆವು. ಅಣ್ಣ ಆ ಮಾತು ಎತ್ತಿದ ದಿನ ನಾನೂ ಅದೇ ಕೋಣೆಯಲ್ಲಿ ಕೂತಿದ್ದೆ. ನೀವು ಏನು ಹೇಳಿದಿರಿ ಎಂದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ನಮ್ಮಲ್ಲಿ ಯಾರಾದರೂ ನಿಮ್ಮನ್ನು ಕೇಳಿದ್ದೆವಾ?