ಬಾಗಿಲ ಪಕ್ಕದ ಬರಹ

ಅಮ್ಮಾ,

ಇವತ್ತು ವೊನೊಗಿರಿ ಪಂಚಾಯಿತಿಯವರು ಬಂದು ನನ್ನ ಮನೆ ಬಾಗಿಲ ಪಕ್ಕದ ಗೋಡೆಯ ಮೇಲೂ ‘ಬಡ ಕುಟುಂಬ’ ಎಂದು ಬಣ್ಣದಲ್ಲಿ ಬರೆದು ಹೋದರು. ಆ ಬರಹ ಇದ್ದ ಮನೆಗಷ್ಟೇ ಸರ್ಕಾರದ ಅಕ್ಕಿ.

“ಹಿಂದಿನ ಗೋಡೇಲಿ ಬರೀರಿ ಮಾಮ, ಇಲ್ಲಿ ನನ್ ಗೆಳತೀರು ಓಡಾಡ್ತಾರೆ,” ಎಂದಳು ಮಗಳು ಸೆಕಾರ್.

“ಎಲ್ರಿಗೂ ಕಾಣ್ಬೇಕಮ್ಮ, ರೂಲ್ಸೇ ಹಂಗೆ,” ಎಂದರು ಬರೆಯುತ್ತಿದ್ದವರು.

ಅವಳ ವಯಸ್ಸಿನಲ್ಲಿ ನಾನು ನಮ್ಮ ಗೋಡೆಯ ಬರಹದ ಮೇಲೆ ಸುಣ್ಣ ಬಳಿದಿದ್ದೆ. ತಪಾಸಣೆಗೆ ಬಂದವರಿಗೆ ನೀನು, “ಮಳೇಲಿ ತೊಳ್ದು ಹೋಯ್ತು ಸ್ವಾಮಿ,” ಅಂದೆ. ಮಳೆ ಬಂದು ಆಗಲೇ ನಾಲ್ಕು ತಿಂಗಳಾಗಿತ್ತು. ಅಕ್ಕಿ ನಿಂತಿತು. ನೀನು ನನ್ನನ್ನು ಏನೂ ಕೇಳಲಿಲ್ಲ. ಆಮೇಲೆ ದಿನಾ ಸಂಜೆ, “ನಂಗೆ ಹಸಿವಿಲ್ಲ, ನೀನು ಉಣ್ಣು,” ಅನ್ನುತ್ತಿದ್ದೆ. ನಾನು ಉಣ್ಣುತ್ತಿದ್ದೆ.

ಸೆಕಾರ್ ಗೋಡೆಯನ್ನೇ ನೋಡುತ್ತಾ ಕೂತಿದ್ದಾಳೆ. ಸುಣ್ಣದ ಡಬ್ಬಿ ಹಿತ್ತಲಲ್ಲಿದೆ. ಬಚ್ಚಿಡಲೆಂದು ಎದ್ದು ಹೋದವಳು, ಅಂದು ಏನೂ ಕೇಳದ ನಿನ್ನ ನೆನಪಾಗಿ ಅಲ್ಲೇ ಬಿಟ್ಟು ಬಂದೆ.